ಫ್ಲ್ಯಾಟಿನಲ್ಲಿ ಸಂಗೀತ: ಗೋಡೆ ಬಿಡಿ, ಮೊದಲು ನೆಲ ನೋಡಿ

ಮಗುವನ್ನು ಮೃದಂಗಕ್ಕೋ ಕೀಬೋರ್ಡಿಗೋ ಸೇರಿಸಿದ ವಾರದಲ್ಲೇ ಫ್ಲ್ಯಾಟಿನವರು ಮಾಡುವ ಮೊದಲ ಖರ್ಚು ಗೋಡೆಗೆ ಅಂಟಿಸುವ ಕಪ್ಪು ಸ್ಪಂಜು. ಮೊಟ್ಟೆ ಟ್ರೇ ಅಂಟಿಸಿದವರನ್ನೂ ನೋಡಿದ್ದೇನೆ. ಆ ದುಡ್ಡು ಉಳಿಸಿಕೊಳ್ಳಿ. ಸ್ಪಂಜು ಕೋಣೆಯೊಳಗಿನ ಮಾರ್ದನಿ ತಗ್ಗಿಸುತ್ತದೆ, ರೆಕಾರ್ಡಿಂಗ್ ಮಾಡುವವರಿಗೆ ಅದು ಬೇಕು. ಪಕ್ಕದ ಮನೆಗೆ ಹೋಗುವ ಸದ್ದನ್ನು ಅದು ತಡೆಯುವುದಿಲ್ಲ. ಸದ್ದು ತಡೆಯಬೇಕಾದರೆ ತೂಕದ ವಸ್ತು ಅಡ್ಡ ಇರಬೇಕು, ಸಂದುಗೊಂದು ಮುಚ್ಚಿರಬೇಕು.

ಅದಕ್ಕೂ ಮುಂಚೆ, ಅಕ್ಕಪಕ್ಕದವರಿಗೆ ನಿಜಕ್ಕೂ ಏನು ಕೇಳಿಸುತ್ತದೆ ಅಂತ ತಿಳಿದುಕೊಳ್ಳಿ. ಮಗುವನ್ನು ನುಡಿಸಲು ಬಿಟ್ಟು ಕೆಳಗಿನ ಮನೆಗೆ ಹೋಗಿ ಹತ್ತು ನಿಮಿಷ ಕೂತು ಬನ್ನಿ. ಮೊಮ್ಮಗನ ಮೃದಂಗ ಶುರುವಾದಾಗ ನಾನೂ ಹಾಗೇ ಹೋಗಿ ಕೂತೆ. ಬಲಗಡೆಯ ನಾದ ಒಂದು ಚೂರೂ ಇಲ್ಲ. ಎಡಗೈಯ 'ತೋಂ' ಮಾತ್ರ ತಾರಸಿಯಿಂದ ಇಳಿದು ಬರುತ್ತಿತ್ತು, ಅವರ ಶೋಕೇಸಿನ ಗಾಜು ಸಣ್ಣಗೆ ಅದುರುತ್ತಿತ್ತು. "ಅವನು ಚೆನ್ನಾಗೇ ನುಡಿಸ್ತಾನೆ ಅಜ್ಜಿ, ಆದ್ರೆ ನಮಗೆ ಯಾರೋ ಒನಕೇಲಿ ಕುಟ್ಟಿದ ಹಾಗಿರುತ್ತೆ" ಅಂದಳು ಆ ಮನೆಯ ಸೊಸೆ. ಅವಳು ಹೇಳಿದ್ದು ಸರಿ. ತಾರದ, ಅಂದರೆ ಎತ್ತರದ ಸ್ವರವನ್ನು ಗೋಡೆ ಬಹುಪಾಲು ತಡೆದುಬಿಡುತ್ತದೆ. ಕೆಳಗಿನ ಶ್ರುತಿಯ ಗುಂಕಾರ ಗೋಡೆಗೂ ಬಗ್ಗುವುದಿಲ್ಲ, ಕಾಂಕ್ರೀಟಿಗೂ ಬಗ್ಗುವುದಿಲ್ಲ. ಅದರ ಮೇಲೆ ವಾದ್ಯ ನೆಲಕ್ಕೆ ತಾಗಿಕೊಂಡಿದ್ದರೆ ಅದುರು ಗಾಳಿಯ ಹಂಗಿಲ್ಲದೆ ನೇರ ಕಾಂಕ್ರೀಟಿಗೇ ಇಳಿಯುತ್ತದೆ.

ಆದ್ದರಿಂದ ಮೊದಲ ಕೆಲಸ ನೆಲದ್ದು. ವ್ಯಾಯಾಮ ಶಾಲೆಗಳಲ್ಲಿ ಹಾಸುವ ದಪ್ಪ ರಬ್ಬರ್ ಮ್ಯಾಟ್ ಕೆಳಗೆ ಹಾಕಿ, ಅದರ ಮೇಲೆ ಹಳೆಯ ಹತ್ತಿ ಹಾಸಿಗೆ, ಮೇಲೊಂದು ಜಮಖಾನ. ಯೋಗದ ಮ್ಯಾಟು ಸಾಲದು, ತೀರಾ ತೆಳು. ವಾದ್ಯವೂ ನುಡಿಸುವವರೂ ಇಬ್ಬರೂ ಹಾಸಿಗೆಯ ಮೇಲೇ ಇರಬೇಕು; ಮೃದಂಗದ ಒಂದು ತುದಿ ಜಾರಿ ಟೈಲ್ಸಿಗೆ ತಾಗಿದರೂ ಮಾಡಿದ್ದೆಲ್ಲ ದಂಡ. ಎಡಮುಖಕ್ಕೆ ರವೆ ಹಚ್ಚುವುದೇ ಗುಂಕಾರ ಬರಲಿ ಅಂತ. ದಿನದ ಅಭ್ಯಾಸಕ್ಕೆ ಕಡಿಮೆ ಹಚ್ಚಬಹುದೋ ಹೇಗೆ ಅಂತ ಗುರುಗಳನ್ನೇ ಕೇಳಿ. ಹೊಸ ಪಾಠವನ್ನು ಮೊದಲು ಬಾಯಲ್ಲಿ ಸೊಲ್ಲುಕಟ್ಟು (ತಕಧಿಮಿಯಂಥ ಸೊಲ್ಲುಗಳು) ಹೇಳಿ, ಕೈಯಲ್ಲಿ ತಾಳ ಹಾಕಿ ಗಟ್ಟಿ ಮಾಡಿಕೊಂಡರೆ ಚರ್ಮದ ಮೇಲೆ ಬಡಿಯುವ ಹೊತ್ತು ತಾನಾಗಿ ಕಡಿಮೆಯಾಗುತ್ತದೆ, ಪಾಠವೂ ಚೆನ್ನಾಗಿ ಕೂರುತ್ತದೆ.

ಕೀಬೋರ್ಡಿಗೆ ಹೆಡ್‌ಫೋನ್ ಹಾಕಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಸ್ವರ ನಿಲ್ಲುತ್ತದೆ, ಕೀ ಒತ್ತುವ ಟಕಟಕ ಸ್ಟ್ಯಾಂಡಿನ ಕಾಲಿನಿಂದ ಕೆಳಗಿಳಿಯುತ್ತಲೇ ಇರುತ್ತದೆ. ನಾಲ್ಕು ಕಾಲಿಗೂ ರಬ್ಬರ್ ತುಂಡು ಕೊಡಿ. ವಯಲಿನ್ನಿಗೆ ಕುದುರೆಯ (ತಂತಿಗಳನ್ನು ಎತ್ತಿಹಿಡಿಯುವ ಮರದ ತುಂಡು) ಮೇಲೆ ಸಿಕ್ಕಿಸುವ, ಸದ್ದು ತಗ್ಗಿಸುವ ಮ್ಯೂಟ್ ಬರುತ್ತದೆ. ಮಕ್ಕಳಿಗೆ ರಬ್ಬರಿನದೇ ವಾಸಿ, ಲೋಹದ್ದು ಕೈಜಾರಿ ಬಿದ್ದರೆ ವಾದ್ಯದ ಮೈ ಗೀರಿಹೋಗುತ್ತದೆ. ವೀಣೆ ಪಾಪ, ಯಾರ ನಿದ್ದೆಯನ್ನೂ ಕೆಡಿಸುವುದಲ್ಲ. ಅದರ ದುಂಡು ಕೊಡದ ಕೆಳಗೆ ದಪ್ಪ ಬಟ್ಟೆ ಇದ್ದರೆ ಸಾಕು. ಕೊಳಲಿಗೆ ಮುಚ್ಚಳವಿಲ್ಲ, ಹೊತ್ತು ನೋಡಿ ನುಡಿಸಬೇಕು ಅಷ್ಟೆ.

ಹೋಂ ಥಿಯೇಟರ್ ಇರುವವರಿಗೆ ಒಂದು ಮಾತು. ಆ ಬಾಸ್ ಡಬ್ಬವನ್ನು ಅಂದಕ್ಕೆ ಅಂತ ಮೂಲೆಗೆ ತಳ್ಳಿರುತ್ತೀರಿ. ಮೂಲೆಯಲ್ಲಿ ಎರಡು ಗೋಡೆ, ಒಂದು ನೆಲ ಸೇರಿ ಗುಂಕಾರ ಇನ್ನಷ್ಟು ಏರುತ್ತದೆ. ಅದನ್ನು ಮುಂದೆಳೆದು, ಅಡಿಗೆ ರಬ್ಬರ್ ಕೊಟ್ಟು, ಬಾಸ್ ಇಳಿಸಿ. ದೊಡ್ಡ ಸ್ಪೀಕರನ್ನು ದೂರದಲ್ಲಿಟ್ಟು ಕಿರುಚಿಸುವುದಕ್ಕಿಂತ ಸಣ್ಣದನ್ನು ಕುರ್ಚಿಯ ಹತ್ತಿರವೇ ಇಟ್ಟುಕೊಳ್ಳಿ. ಕಿವಿ ಮಂದವಾದ ನಮ್ಮ ವಯಸ್ಸಿನವರಿಗಂತೂ ಇದೇ ಸರಿ. ಅರ್ಧ ಕಟ್ಟಡಕ್ಕೆ ಧಾರಾವಾಹಿ ಕೇಳಿಸುವುದು ತಪ್ಪುತ್ತದೆ.

ಇನ್ನು ಸಂದುಗಳು. ಬಾಗಿಲ ಕೆಳಗಿನ ಬೆರಳಗಲದ ಸಂದಿನಲ್ಲಿ ಹಾಡೆಲ್ಲ ಕಾರಿಡಾರಿಗೆ ಹೋಗುತ್ತದೆ. ಅಲ್ಲಿಗೆ ರಬ್ಬರ್ ಪಟ್ಟಿ ಅಂಟಿಸಿ. ಆದರೆ ಯಾರೂ ನೆನೆಯದ ದಾರಿ ಬಚ್ಚಲಮನೆಯ ಡಕ್ಟು. ಎಲ್ಲ ಮಹಡಿಯ ಕಿಟಕಿಗಳೂ ಆ ಒಂದೇ ಬಾವಿಗೆ ತೆರೆದಿರುತ್ತವೆ. ನಮ್ಮ ಮೇಲಿನ ಮನೆಯವರು "ಬೆಳಗ್ಗೆಯೆಲ್ಲ ಏನೋ ಗುಂಯ್ ಅನ್ನುತ್ತೆ" ಎನ್ನುತ್ತಿದ್ದರು. ಹುಡುಕಿ ನೋಡಿದರೆ ನಮ್ಮದೇ ಎಲೆಕ್ಟ್ರಾನಿಕ್ ತಂಬೂರಿ, ಬಚ್ಚಲ ಬಾಗಿಲ ಪಕ್ಕದ ಮರದ ಕಪಾಟಿನ ಮೇಲೆ. ಮಡಿಸಿದ ಟವೆಲ್ ಮೇಲೆ ಹಾಡುವವರ ಮುಂದೆಯೇ ಇಟ್ಟು, ಬಚ್ಚಲ ಬಾಗಿಲು ಹಾಕಿದೆವು. ಗುಂಯ್ ನಿಂತಿತು. ಜಂಟಿ ಗೋಡೆಗೆ ಏನಾದರೂ ಮಾಡಲೇಬೇಕು ಅನಿಸಿದರೆ ಬಟ್ಟೆ, ಪುಸ್ತಕ ಕಿಕ್ಕಿರಿದ ಬೀರು ನಿಲ್ಲಿಸಿ. ಖಾಲಿ ಸ್ಟೀಲ್ ಬೀರು ಬೇಡ, ಅದು ಪಂಚಮಕ್ಕೊಂದು ಸಲ ತಾನೂ ಹಾಡುತ್ತದೆ.

ಹೊತ್ತಿನ ವಿಚಾರದಲ್ಲಿ ನಮ್ಮ ಸಂಪ್ರದಾಯಕ್ಕೂ ಫ್ಲ್ಯಾಟಿಗೂ ಕೊಂಚ ಜಗಳವಿದೆ. ಸಾಧನೆಗೆ ಬ್ರಾಹ್ಮೀ ಮುಹೂರ್ತವೇ ಪ್ರಶಸ್ತ ಅಂತ ಹಿರಿಯರು ಎಬ್ಬಿಸಿ ಕೂರಿಸುತ್ತಿದ್ದರು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೂ ರಾತ್ರಿಯೇ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಅಂದರೆ ನಾಲ್ಕೂವರೆಯ ಜಂಟಿವರಸೆ (ಸ್ವರಗಳನ್ನು ಜೋಡಿಯಾಗಿ ಹಾಡುವ ಅಭ್ಯಾಸ) ಕಾನೂನಿನ ಲೆಕ್ಕದಲ್ಲಿ ನಡುರಾತ್ರಿಯ ಗಲಾಟೆ. ಆ ಹೊತ್ತಿನಲ್ಲಿ ಮಂದ್ರಸ್ಥಾಯಿಯ (ಕೆಳಗಿನ ಸ್ವರಗಳ) ಅಕಾರ ಸಾಧನೆಯನ್ನು ಬಾಯಿಯೊಳಗೇ ಅನ್ನುವಷ್ಟು ಮೆಲ್ಲಗೆ ಮಾಡಿಕೊಳ್ಳಿ, ತಾರಸ್ಥಾಯಿಯನ್ನು ಏಳರ ಮೇಲಕ್ಕೆ ಇಟ್ಟುಕೊಳ್ಳಿ. ಪೂಜೆಯ ಸುಪ್ರಭಾತಕ್ಕೂ ಇದೇ ಮಾತು. ದೇವರು ದೇವರಮನೆಯಲ್ಲೇ ಇದ್ದಾನೆ, ಬಾಲ್ಕನಿಯಲ್ಲಿ ಸ್ಪೀಕರ್ ಇಡುವ ಅಗತ್ಯವಿಲ್ಲ.

ಕಾನೂನು ಹಗಲು ಅಂದ ಮಾತ್ರಕ್ಕೆ ಎಲ್ಲ ಹೊತ್ತೂ ನಮ್ಮದಲ್ಲ. ಮಧ್ಯಾಹ್ನ ಮಗು ಮಲಗಿಸುವ ಬಾಣಂತಿ, ರಾತ್ರಿಪಾಳಿ ಮುಗಿಸಿ ಬಂದು ಮಲಗಿದ ಹುಡುಗ, ಮಾರ್ಚ್ ತಿಂಗಳ ಎಸ್ಸೆಸ್ಸೆಲ್ಸಿ ಮಗು ಯಾವ ಮನೆಯಲ್ಲಿದ್ದಾರೆ ಅಂತ ಗೊತ್ತಿರಬೇಕು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿ ಕೈತೊಳೆದುಕೊಳ್ಳಬೇಡಿ. ಮೇಲೆ, ಕೆಳಗೆ, ಪಕ್ಕ, ಈ ಮೂರು ಮನೆಗೆ ಖುದ್ದು ಹೋಗಿ "ಸಂಜೆ ಐದೂವರೆಯಿಂದ ಆರೂವರೆ ಮೃದಂಗ ಇರುತ್ತೆ, ತೊಂದರೆಯಾದರೆ ಫೋನ್ ಮಾಡಿ" ಅಂತ ನಂಬರ್ ಕೊಟ್ಟು ಬನ್ನಿ. ಆರೂವರೆಗೆ ನಿಲ್ಲುತ್ತದೆ ಅಂತ ಗೊತ್ತಿದ್ದರೆ ಆ ಒಂದು ಗಂಟೆಯನ್ನು ಜನ ಸಹಿಸಿಕೊಳ್ಳುತ್ತಾರೆ, ಆದ್ದರಿಂದ ಆರೂವರೆಗೆ ನಿಲ್ಲಿಸಿ. ನವರಾತ್ರಿಯಲ್ಲಿ ಹತ್ತು ಜನ ಸೇರಿ ಭಜನೆ ಅಂದರೆ ಮನೆ ಬೇಡ, ಕೆಳಗಿನ ಪಾರ್ಟಿ ಹಾಲ್ ಕೇಳಿ.

ಆಮೇಲೂ ಯಾರಾದರೂ "ಸದ್ದು ಜಾಸ್ತಿ" ಅಂತ ಬಂದರೆ ವಾದಕ್ಕೆ ನಿಲ್ಲದೆ, ಯಾವ ಕೋಣೆಗೆ ಬರುತ್ತೆ, ಗುದ್ದಿನ ಹಾಗೋ ಹಾಡಿನ ಹಾಗೋ ಅಂತ ಕೇಳಿ. ಗುದ್ದು ಅಂದರೆ ಹಾಸಿಗೆ ಸರಿಪಡಿಸಬೇಕು. ಹಾಡೇ ಕೇಳುತ್ತೆ ಅಂದರೆ ಎಲ್ಲೋ ಬಾಗಿಲೋ ಡಕ್ಟೋ ತೆರೆದಿದೆ, ಎದ್ದು ಹೋಗಿ ನೋಡಿ.