ಮೇಲಿನ ಲೇಯರ್ ಕೆಳಗಿನ ಮ್ಯಾಪನ್ನೇ ಮುಚ್ಚಿಬಿಟ್ಟಾಗ: ಹಳೆ ಬ್ರೌಸರ್‌ಗಳ ಜೊತೆ ನನ್ನ ಅನುಭವ

ಇಂಟರ್ನೆಟ್ ಎಕ್ಸ್‌ಪ್ಲೋರರ್ 6 (ಚಿಕ್ಕದಾಗಿ ಐಇ 6) ಅನ್ನುವ ಬ್ರೌಸರ್ ಬಂದಿದ್ದು 2001ರಲ್ಲಿ. ನಾನು ಅದರ ಜೊತೆ ಗುದ್ದಾಡಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಒಂದು ಕಚೇರಿಗೆ ವೆಬ್ ಮ್ಯಾಪ್ ಮಾಡಿಕೊಡಬೇಕಿತ್ತು. ಅಲ್ಲಿನ ಕಂಪ್ಯೂಟರುಗಳಲ್ಲೆಲ್ಲ ಇದೇ ಬ್ರೌಸರ್. ಬದಲಾಯಿಸಿ ಅಂತ ಹೇಳೋ ಹಾಗಿರಲಿಲ್ಲ. ಅವರ ದಿನನಿತ್ಯದ ಸಾಫ್ಟ್‌ವೇರ್ ಬೇರೆ ಯಾವ ಬ್ರೌಸರಿನಲ್ಲೂ ಓಡುತ್ತಿರಲಿಲ್ಲ. ಮ್ಯಾಪಿನ ತಳದಲ್ಲಿ ಉಪಗ್ರಹ ಚಿತ್ರ, ಅದರ ಮೇಲೆ ರಸ್ತೆ, ಅದರ ಮೇಲೆ ಗಡಿ ಮತ್ತು ಹೆಸರುಗಳು. ಇಂಥ ಒಂದೊಂದು ಪದರವೂ ಒಂದು ಲೇಯರ್. ಕೆಳಗಿನದು ಕಾಣಬೇಕಾದರೆ ಮೇಲಿನ ಲೇಯರು ಗೆರೆ, ಅಕ್ಷರ ಬಿಟ್ಟು ಉಳಿದ ಕಡೆ ಪಾರದರ್ಶಕವಾಗಿರಬೇಕು. ಫೈರ್‌ಫಾಕ್ಸಿನಲ್ಲಿ ಸರಿಯಾಗಿದ್ದ ಮ್ಯಾಪ್ ಅಲ್ಲಿ ತೆರೆದರೆ ಪೂರ್ತಿ ಬೂದು ಬಣ್ಣ, ಅದರ ಮೇಲೆ ಗಡಿಗೆರೆಗಳು ಮಾತ್ರ. ಉಪಗ್ರಹ ಚಿತ್ರ ಕೆಳಗೆ ಇದ್ದೇ ಇತ್ತು, ಕಾಣುತ್ತಿರಲಿಲ್ಲ ಅಷ್ಟೆ.

ಇಂಥ ಕಡೆ ಎಲ್ಲರೂ ಬ್ರೌಸರನ್ನೇ ಬೈಯುತ್ತಾರೆ. ನಾನು ಮೊದಲು ನೋಡುವುದು ಚಿತ್ರವನ್ನು. ವೆಬ್ ಮ್ಯಾಪ್ ಬರುವುದು ಟೈಲ್ ಅನ್ನುವ ಚಿಕ್ಕ ಚೌಕ ಚಿತ್ರಗಳಾಗಿ. ಅಂಥ ಒಂದು ಟೈಲಿನ ವಿಳಾಸ ಕಾಪಿ ಮಾಡಿ, ಆ ಚಿತ್ರವನ್ನು ಡಿಸ್ಕಿಗೆ ಇಳಿಸಿಕೊಂಡು, ಚಿತ್ರ ತಿದ್ದುವ ಗಿಂಪ್‌ನಲ್ಲಿ ತೆರೆಯುತ್ತೇನೆ. ಹಿನ್ನೆಲೆಯಲ್ಲಿ ಚೌಕಳಿ ಕಂಡರೆ ಪಾರದರ್ಶಕತೆ ಚಿತ್ರದಲ್ಲೇ ಇದೆ, ಅದನ್ನು ಕಳೆಯುತ್ತಿರುವುದು ಬ್ರೌಸರ್. ಬಿಳಿ ಕಂಡರೆ ಬ್ರೌಸರಿನ ತಪ್ಪೇನೂ ಇಲ್ಲ, ಸರ್ವರ್ ಕಳಿಸಿದ್ದೇ ಬಿಳಿ. ಗಿಂಪ್ ಇಲ್ಲದ ಕಡೆ, ಫೈಲಿನ ಬೈಟುಗಳನ್ನು ಹಾಗೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಪಿಎನ್‌ಜಿ (ಪಾರದರ್ಶಕತೆ ಇಡಬಲ್ಲ ಚಿತ್ರದ ಫಾರ್ಮ್ಯಾಟ್) ಫೈಲಿನ 26ನೇ ಬೈಟ್ (1ರಿಂದ ಎಣಿಸಿದರೆ) ನೋಡಿದರೂ ಸಾಕು. ಅಲ್ಲಿ 6 ಇದ್ದರೆ ಪ್ರತಿ ಪಿಕ್ಸೆಲ್ಲಿಗೂ ಆಲ್ಫಾ, ಅಂದರೆ ಅದು ಎಷ್ಟು ಪಾರದರ್ಶಕ ಅಂತ ಹೇಳುವ ಅಂಕಿ, ಇದೆ. 3 ಇದ್ದರೆ ಪ್ಯಾಲೆಟ್ ಚಿತ್ರ, ಅಂದರೆ ಹೆಚ್ಚೆಂದರೆ 256 ಬಣ್ಣಗಳ ಪಟ್ಟಿಯಿಂದ ಬಣ್ಣ ತೆಗೆದುಕೊಳ್ಳುವಂಥದ್ದು. 2 ಇದ್ದರೆ ಬರೀ ಬಣ್ಣ, ಆಲ್ಫಾ ಚಾನೆಲ್ಲೇ ಇಲ್ಲ.

ಸರ್ವರಿನ ಕಡೆ ನೋಡಬೇಕಾದ್ದು ಜಾಸ್ತಿ ಏನಿಲ್ಲ. ಸರ್ವರಿನಿಂದ ಮ್ಯಾಪ್ ಚಿತ್ರ ಕೇಳುವ ಡಬ್ಲ್ಯೂಎಂಎಸ್ ಅನ್ನುವ ಪದ್ಧತಿಯ ಕೋರಿಕೆಯಲ್ಲಿ 'ಟ್ರಾನ್ಸ್‌ಪರೆಂಟ್' ಅಂತ ಒಂದು ಪ್ಯಾರಾಮೀಟರ್ ಇದೆ. ಹೇಳದೇ ಬಿಟ್ಟರೆ ಅದರ ಬೆಲೆ 'ಫಾಲ್ಸ್', ಹಿನ್ನೆಲೆ ಬಿಳಿ. ಹೇಳಿದರೂ ಫಾರ್ಮ್ಯಾಟ್ ಜೆಪೆಗ್ ಆಗಿದ್ದರೆ ಉಪಯೋಗವಿಲ್ಲ, ಜೆಪೆಗ್‌ಗೆ ಪಾರದರ್ಶಕತೆ ಅನ್ನೋದೇ ಗೊತ್ತಿಲ್ಲ. ಸೆಟ್ಟಿಂಗ್ ಸರಿಮಾಡಿದ ಮೇಲೂ ಅದೇ ಬಿಳಿ ಕಂಡರೆ ಟೈಲ್ ಕ್ಯಾಶ್ (ಒಮ್ಮೆ ಮಾಡಿದ ಟೈಲುಗಳನ್ನು ಕೂಡಿಡುವ ಜಾಗ) ಖಾಲಿ ಮಾಡಿ ನೋಡಿ. ಹಳೇ ಟೈಲುಗಳು ಅಲ್ಲಿ ಹಾಗೇ ಕೂತಿರುತ್ತವೆ.

ನನ್ನ ಟೈಲಿನಲ್ಲಿ ಚೌಕಳಿ ಕಂಡಿತು. ಅಂದರೆ ಬ್ರೌಸರಿನದ್ದೇ ಕೆಲಸ.

ಐಇ 6 ಪಿಎನ್‌ಜಿಯನ್ನು ತೋರಿಸುತ್ತದೆ, ಆದರೆ ಅದರ ಆಲ್ಫಾ ಚಾನೆಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದಕ್ಕೆ ಆಗಿನವರೆಲ್ಲ ಬಳಸುತ್ತಿದ್ದ ಮದ್ದು ಆಲ್ಫಾಇಮೇಜ್‌ಲೋಡರ್ ಅನ್ನುವ ಫಿಲ್ಟರ್. ಚಿತ್ರದ ಜಾಗದಲ್ಲಿ ಒಂದು ಖಾಲಿ ಪಾರದರ್ಶಕ ಜಿಫ್ ಇಟ್ಟು, ನಿಜವಾದ ಪಿಎನ್‌ಜಿಯನ್ನು ಫಿಲ್ಟರಿನ ಮೂಲಕ ತರುವುದು. ಒಂದು ಲೋಗೋಗೆ, ಒಂದು ಬಟನ್ನಿಗೆ ಇದು ಸಾಕು. ಬ್ರೌಸರಿನಲ್ಲಿ ಮ್ಯಾಪ್ ತೋರಿಸಲು ನಾನು ಬಳಸಿದ ಜಾವಾಸ್ಕ್ರಿಪ್ಟ್ ಲೈಬ್ರರಿ ಓಪನ್‌ಲೇಯರ್ಸ್‌ನ ಹಳೆಯ 2ನೇ ಆವೃತ್ತಿಯಲ್ಲೂ ಇದು ಒಳಗೇ ಇದೆ, ಲೇಯರಿಗೆ 'ಆಲ್ಫಾ' ಆಯ್ಕೆ ಟ್ರೂ ಮಾಡಿದರೆ ಶುರುವಾಗುತ್ತದೆ.

ಮಾಡಿದೆ. ಬೂದು ಹೋಯಿತು, ಉಪಗ್ರಹ ಚಿತ್ರ ಕಂಡಿತು. ಆಮೇಲೆ ಮ್ಯಾಪನ್ನು ಸ್ವಲ್ಪ ಪಕ್ಕಕ್ಕೆ ಎಳೆದರೆ ಬ್ರೌಸರೇ ಮರಗಟ್ಟಿ ನಿಂತುಬಿಟ್ಟಿತು. ಲೆಕ್ಕ ಹಾಕಿದರೆ ಯಾಕೆ ಅಂತ ಗೊತ್ತಾಗುತ್ತದೆ. 1024 x 768 ಪರದೆ ತುಂಬಲು 256 ಪಿಕ್ಸೆಲ್ಲಿನ ಟೈಲುಗಳು ಕಮ್ಮಿ ಅಂದರೂ 12 ಬೇಕು. ಅಂಚಿನಲ್ಲಿ ಅರ್ಧಂಬರ್ಧ ಕಾಣುವವು ಸೇರಿದರೆ 20. ಪಾರದರ್ಶಕ ಲೇಯರ್ ಎರಡಿದ್ದರೆ 40 ಫಿಲ್ಟರ್. ಈ ಫಿಲ್ಟರ್ ಚಿತ್ರ ಬರುವ ತನಕ ಬ್ರೌಸರಿಗೆ ಬೇರೆ ಕೆಲಸ ಮಾಡೋಕೆ ಬಿಡುವುದಿಲ್ಲ, ಮೇಲಿಂದ ಒಂದೊಂದಕ್ಕೂ ಬೇರೆ ಬೇರೆ ಮೆಮೊರಿ. ವೆಬ್ ಮ್ಯಾಪಿಗೆ ಈ ಮದ್ದು ಬೇಡವೇ ಬೇಡ ಅಂತ ನನ್ನ ಖಡಾಖಂಡಿತ ಅಭಿಪ್ರಾಯ. ದಿಕ್ಸೂಚಿ, ಜೂಮ್ ಗುಂಡಿ, ಪಿನ್ ಗುರುತು ಇಂಥ ಬಿಡಿ ಚಿತ್ರಗಳಿಗೆ ಮಾತ್ರ ಅದನ್ನು ಉಳಿಸಿಕೊಂಡೆ. ಅಲ್ಲೂ ಒಂದು ಕಿರಿಕಿರಿ ಇದೆ. ಪುಟದ ಅಂದಚಂದ ಬರೆಯುವ ಸಿಎಸ್‌ಎಸ್‌ನಲ್ಲಿ ಹಿನ್ನೆಲೆ ಚಿತ್ರದ ದಾರಿ ಸಿಎಸ್‌ಎಸ್ ಫೈಲ್ ಇರುವ ಜಾಗದಿಂದ ಶುರುವಾಗುತ್ತದೆ, ಫಿಲ್ಟರಿನೊಳಗೆ ಬರೆದ ದಾರಿ ಮಾತ್ರ ಪುಟ ಇರುವ ಜಾಗದಿಂದ. ಚಿತ್ರ ಪೂರ್ತಿ ಮಾಯವಾಗಿದ್ದರೆ ಮೊದಲು ಇದನ್ನೇ ನೋಡಿ.

ಟೈಲುಗಳಿಗೆ ಉಳಿದ ದಾರಿ ಪ್ಯಾಲೆಟ್ ಪಿಎನ್‌ಜಿ, ಅಂದರೆ 8 ಬಿಟ್‌ನದ್ದು. ಇದರಲ್ಲಿ ಒಂದು ಬಣ್ಣವನ್ನು 'ಇದು ಪಾರದರ್ಶಕ' ಅಂತ ಗುರುತು ಹಾಕಿದರೆ ಐಇ 6 ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ. ಅರ್ಧ ಪಾರದರ್ಶಕ ಅನ್ನುವುದು ಮಾತ್ರ ಸಿಗುವುದಿಲ್ಲ, ಪಿಕ್ಸೆಲ್ ಒಂದೋ ಇದೆ ಇಲ್ಲವೋ ಇಲ್ಲ. ರಸ್ತೆ, ಗಡಿ, ಹೆಸರಿಗೆ ಇಷ್ಟು ಸಾಕಲ್ವಾ? ಸಾಕು, ಆದರೆ ಅಂಚು ತೊಂದರೆ ಕೊಡುತ್ತದೆ.

ಗೆರೆ ನುಣುಪಾಗಿ ಕಾಣಲಿ ಅಂತ ಸರ್ವರ್ ಅದರ ಅಂಚಿನ ಪಿಕ್ಸೆಲ್ಲುಗಳಿಗೆ ಹಿನ್ನೆಲೆಯ ಬಣ್ಣವನ್ನು ಬೆರೆಸುತ್ತದೆ. ಹಿನ್ನೆಲೆ ಬಿಳಿಯಾಗಿದ್ದರೆ ಕೆಂಪು ರಸ್ತೆಯ ಎರಡೂ ಕಡೆ ತೆಳು ಗುಲಾಬಿ ಪಿಕ್ಸೆಲ್ಲುಗಳು ಉಳಿಯುತ್ತವೆ. ಬಿಳಿ ಮಾತ್ರ ಹೋಗಿ ಗುಲಾಬಿ ಉಳಿದರೆ ಕಡು ಹಸಿರು ಕಾಡಿನ ಮೇಲೆ ರಸ್ತೆ ನೊರೆ ಕಟ್ಟಿದ ಹಾಗೆ ಕಾಣುತ್ತದೆ. ಮ್ಯಾಪ್ ಚಿತ್ರ ಬರೆದು ಕಳಿಸಲು ಸರ್ವರಿನಲ್ಲಿ ನಾನು ಬಳಸುತ್ತಿದ್ದುದು ಮ್ಯಾಪ್‌ಸರ್ವರ್ ಅನ್ನುವ ಸಾಫ್ಟ್‌ವೇರ್. ಅದರ ಮ್ಯಾಪ್ ಫೈಲಿನಲ್ಲಿ 'ಇಮೇಜ್‌ಕಲರ್' ಅಂತ ಹಿನ್ನೆಲೆ ಬಣ್ಣ ಕೊಡುವ ಜಾಗವಿದೆ. ಅಲ್ಲಿ ಬಿಳಿಯ ಬದಲು ಉಪಗ್ರಹ ಚಿತ್ರದಲ್ಲಿ ಹೆಚ್ಚಾಗಿ ಕಾಣುವ ಮಬ್ಬು ಹಸಿರನ್ನು ಕೊಟ್ಟೆ. ಅಂಚಿನ ಪಿಕ್ಸೆಲ್ಲುಗಳು ಆಗ ಅದೇ ಹಸಿರಿಗೆ ಬೆರೆತು ಕಣ್ಣಿಗೆ ಬೀಳದ ಹಾಗಾದವು.

ಇಲ್ಲಿ ಒಂದು ಎಚ್ಚರ ಬೇಕು. 8 ಬಿಟ್ ಚಿತ್ರದಲ್ಲಿ ಪಾರದರ್ಶಕ ಆಗುವುದು ಹಿನ್ನೆಲೆಯಲ್ಲ, ಆ ಬಣ್ಣ. ಮ್ಯಾಪಿನಲ್ಲಿ ಬೇರೆ ಯಾವುದನ್ನು ಅದೇ ಬಣ್ಣದಲ್ಲಿ ಬರೆದರೂ ಅದೂ ತೂತಾಗುತ್ತದೆ. ಹಿನ್ನೆಲೆ ಅಪ್ಪಟ ಬಿಳಿ, ಊರಿನ ಹೆಸರಿನ ಸುತ್ತಲಿನ ಅಂಚೂ ಅಪ್ಪಟ ಬಿಳಿ ಇದ್ದರೆ ಆ ಅಂಚು ಕಾಣುವುದೇ ಇಲ್ಲ, ಕಪ್ಪು ಅಕ್ಷರ ಕಪ್ಪು ಕಾಡಿನಲ್ಲಿ ಕರಗಿಹೋಗುತ್ತದೆ. ಯಾರೂ ಬಳಸದ ಬಣ್ಣವೊಂದನ್ನು ಹಿನ್ನೆಲೆಗೆ ಅಂತಲೇ ಎತ್ತಿಡಬೇಕು. ಕೆಂಪು, ಹಸಿರು, ನೀಲಿಯ ಅಂಕಿಗಳಲ್ಲಿ ಒಂದೆರಡು ಆಚೀಚೆ ಮಾಡಿದರೂ ಸಾಕು.

ಇಷ್ಟೆಲ್ಲ ಆದಮೇಲೆ ಐಇ 6ಕ್ಕೆ ನಾನು ಉಳಿಸಿಕೊಂಡಿದ್ದು ಇನ್ನೂ ಸರಳವಾದ ದಾರಿ. ತಳದ ಚಿತ್ರವೂ ಮೇಲಿನ ಲೇಯರುಗಳೂ ನಮ್ಮ ಸರ್ವರಿನಲ್ಲೇ ಇದ್ದವು. ಅಂದಮೇಲೆ ಅವನ್ನು ಬೇರೆ ಬೇರೆ ಕಳಿಸಿ ಬ್ರೌಸರಿನ ಕೈಯಲ್ಲಿ ಒಂದರ ಮೇಲೊಂದು ಇಡಿಸುವುದು ಯಾಕೆ? ಡಬ್ಲ್ಯೂಎಂಎಸ್ ಕೋರಿಕೆಯ 'ಲೇಯರ್ಸ್' ಪ್ಯಾರಾಮೀಟರಿನಲ್ಲಿ ಎಲ್ಲ ಹೆಸರುಗಳನ್ನೂ ಕಾಮಾ ಹಾಕಿ ಬರೆದೆ. ಮೊದಲು ಬರೆದದ್ದು ಎಲ್ಲಕ್ಕಿಂತ ಕೆಳಗೆ, ಕೊನೆಯದು ಎಲ್ಲಕ್ಕಿಂತ ಮೇಲೆ. ಸರ್ವರೇ ಎಲ್ಲವನ್ನೂ ಬೆರೆಸಿ ಒಂದೇ ಜೆಪೆಗ್ ಕಳಿಸಿತು. ಪಾರದರ್ಶಕತೆಯ ಮಾತೇ ಇಲ್ಲ. ಅಕ್ಷರಗಳ ಸುತ್ತ ಜೆಪೆಗ್ ಕೊಳೆ ಮಾಡುತ್ತದೆ ಅಂತ ಕ್ವಾಲಿಟಿಯನ್ನು 75ರಿಂದ 85ಕ್ಕೆ ಏರಿಸಿದೆ. ಲೇಯರ್ ಆನ್ ಅಥವಾ ಆಫ್ ಮಾಡಿದಾಗ ಇಡೀ ಚಿತ್ರವನ್ನೇ ಮತ್ತೆ ತರಿಸಬೇಕು, ನಿಜ. ಓಪನ್‌ಲೇಯರ್ಸ್‌ನಲ್ಲಿ ಮರ್ಜ್‌ನ್ಯೂಪ್ಯಾರಮ್ಸ್ ಅನ್ನುವ ಫಂಕ್ಷನ್ ಕರೆದರೆ ಅದೂ ಆಗುತ್ತದೆ. ಫಿಲ್ಟರಿನಲ್ಲಿ ಮರಗಟ್ಟುವುದಕ್ಕಿಂತ ಇದು ಎಷ್ಟೋ ವಾಸಿ. ತಳದ ಚಿತ್ರ ಬೇರೆಯವರ ಸರ್ವರಿನಿಂದ ಬರುತ್ತಿದ್ದರೆ ಇದು ನಡೆಯುವುದಿಲ್ಲ, ಆಗ 8 ಬಿಟ್ ಪಿಎನ್‌ಜಿಯೇ ಗತಿ.

ಐಇ 7 ಬಂದಿದ್ದು 2006ರಲ್ಲಿ, ಐಇ 8 2009ರಲ್ಲಿ. ಇವೆರಡಕ್ಕೂ ಪಿಎನ್‌ಜಿಯ ಆಲ್ಫಾ ಗೊತ್ತು. ಹಾಗಾಗಿ ಮೇಲಿನ ಸರ್ಕಸ್ಸನ್ನು 7ಕ್ಕಿಂತ ಹಳೆಯದಕ್ಕೆ ಮಾತ್ರ ಕಟ್ಟಿಹಾಕಿ. ಆದರೆ ಅದೇ ಕಚೇರಿಯಲ್ಲಿ ಕೆಲವು ಹೊಸ ಕಂಪ್ಯೂಟರುಗಳಿಗೆ ಐಇ 8 ಬಂದಾಗ ಬೇರೆಯದೇ ದೂರು ಬಂತು: ಲೇಯರನ್ನು ತೆಳು ಮಾಡುವ ಸ್ಲೈಡರ್ ಎಳೆದರೆ ಹೆಸರುಗಳ ಸುತ್ತ ಕಪ್ಪು ಮಸಿ. ಈ ಎರಡು ಆವೃತ್ತಿಗಳು ಒಪಾಸಿಟಿಯನ್ನೂ (ಇಡೀ ಲೇಯರನ್ನು ತೆಳು ಮಾಡುವುದನ್ನೂ) ಫಿಲ್ಟರಿನ ಮೂಲಕವೇ ಮಾಡುತ್ತವೆ. ಆಲ್ಫಾ ಇರುವ ಪಿಎನ್‌ಜಿಗೆ ಆ ಫಿಲ್ಟರ್ ಹಾಕಿದರೆ ಅರ್ಧ ಪಾರದರ್ಶಕ ಪಿಕ್ಸೆಲ್ಲುಗಳು ಕಪ್ಪಾಗುತ್ತವೆ. 2011ರಲ್ಲಿ ಬಂದ ಐಇ 9ಕ್ಕೆ ಸಿಎಸ್‌ಎಸ್‌ನ ಒಪಾಸಿಟಿ ನೇರವಾಗಿ ಅರ್ಥವಾಗುತ್ತದೆ, ಅಲ್ಲಿ ಈ ರಗಳೆ ಇಲ್ಲ.

ಸ್ಲೈಡರನ್ನು ತೆಗೆದುಬಿಡೋಣ ಅಂದರೆ ಬಳಸುವವರು ಒಪ್ಪಲಿಲ್ಲ. ಅದು ಯಾಕೆ ಬೇಕು ಅಂತ ಕೇಳಿದೆ. ಉಪಗ್ರಹ ಚಿತ್ರದ ಬಣ್ಣ ಗಾಢವಾಗಿ ಗಡಿ ಸರಿಯಾಗಿ ಕಾಣುವುದಿಲ್ಲ, ಎರಡನ್ನೂ ಹದಕ್ಕೆ ತರಬೇಕು ಅಂದರು. ಹಾಗಿದ್ದರೆ ಮೇಲಿನ ಲೇಯರನ್ನು ತೆಳು ಮಾಡೋದು ಯಾಕೆ? ಸ್ಲೈಡರನ್ನು ತಳದ ಉಪಗ್ರಹ ಚಿತ್ರಕ್ಕೆ ಕಟ್ಟಿ, ಪುಟದಲ್ಲಿ ಮ್ಯಾಪ್ ಕೂರುವ ಚೌಕಟ್ಟಿನ ಹಿನ್ನೆಲೆಗೆ ಬಿಳಿ ಕೊಟ್ಟೆ. ಐಇ 8ಕ್ಕೆ ತಳದ ಚಿತ್ರ ಬೇರೆ ಜೆಪೆಗ್ ಆಗಿ ಹೋಗುತ್ತಿತ್ತು, ಅದರಲ್ಲಿ ಆಲ್ಫಾ ಇಲ್ಲ, ಆದ್ದರಿಂದ ಕಪ್ಪಾಗಲು ಏನೂ ಇಲ್ಲ. ಸ್ಲೈಡರ್ ಎಳೆದಂತೆ ಕಾಡು ಬಿಳಿಚಿಕೊಳ್ಳುತ್ತಾ ಹೋಗುತ್ತದೆ, ಗಡಿಗೆರೆ ಮತ್ತು ಹೆಸರುಗಳು ಇದ್ದ ಹಾಗೇ ಇರುತ್ತವೆ.