ಮುಳ್ಳು ಏರಿತು ಅಂದರೆ ಸೋರಿತು ಅಂತಲ್ಲ: ಗ್ಯಾಸ್ ತುಂಬುವ ಬಾವಿ ಕಾಯೋದು ಹೇಗೆ

ನಮ್ಮ ಅಣ್ಣನ ಮಗ ಹೊರದೇಶದಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಯಿತು. ಕಾರ್ಬನ್ ಡೈಆಕ್ಸೈಡನ್ನು ನೆಲದಾಳಕ್ಕೆ ತುಂಬುವ ಬಾವಿಯ ಮೇಲೆ ಅವನ ಡ್ಯೂಟಿ. ಮೊನ್ನೆ ನಡುರಾತ್ರಿ ಗೇಜಿನ ಫೋಟೋ ಕಳಿಸಿದ. "ಕಾಕಾ, ಒತ್ತಡ ಏರಾಕತ್ತೈತಿ. ಸೋರಾಕತ್ತೈತೇನು?" ನಾನು ಇಪ್ಪತ್ತೆರಡು ವರ್ಷ ತೈಲಬಾವಿಗಳಲ್ಲಿ ಲಾಗಿಂಗ್, ಅಂದರೆ ಬಾವಿಯೊಳಗೆ ಉಪಕರಣ ಇಳಿಸಿ ಅಳೆಯುವ ಕೆಲಸ, ಮಾಡಿ, ಈಗ ಬೀಳಗಿಯಲ್ಲಿ ಕೂತವನು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ಹೊಲದ ಬೋರ್ ನೆನಪು ಮಾಡಿಕೊಳ್ಳಿ. ಗಟ್ಟಿ ಕಲ್ಲು ಸಿಗುವವರೆಗೆ ಕೇಸಿಂಗ್ ಪೈಪ್ ಇಳಿಸುತ್ತಾರೆ. ಪೈಪಿನ ಹೊರಗಿನ ಸಂದು ಸರಿಯಾಗಿ ಮುಚ್ಚದಿದ್ದರೆ ಮಳೆಗಾಲದಲ್ಲಿ ರಾಡಿ ನೀರು ಬರುತ್ತದೆ. ಪೈಪ್ ಗಟ್ಟಿಮುಟ್ಟಾಗೇ ಇರುತ್ತದೆ, ದಾರಿ ಇರುವುದು ಹೊರಗಿನ ಸಂದಿಯಲ್ಲಿ. ಗ್ಯಾಸಿನ ಬಾವಿಯಲ್ಲೂ ಇದೇ ಕಥೆ. ಕೇಸಿಂಗ್ ಒಳಗೆ ಕೇಸಿಂಗ್, ಹಿಂದೆ ಸಿಮೆಂಟ್. ನಡುವಿನ ಸಣ್ಣ ಪೈಪಿನಲ್ಲಿ, ಅಂದರೆ ಟ್ಯೂಬಿಂಗ್‌ನಲ್ಲಿ, ಗ್ಯಾಸ್ ಇಳಿಯುತ್ತದೆ, ತಳದಲ್ಲಿ ಸಂದು ಮುಚ್ಚಲು ಪ್ಯಾಕರ್. ಟ್ಯೂಬಿಂಗ್ ಮತ್ತು ಕೇಸಿಂಗ್ ನಡುವಿನ ಜಾಗ 'ಎ' ಆನ್ಯುಲಸ್, ಅದರ ಹೊರಗಿನದು 'ಬಿ'. ಗ್ಯಾಸನ್ನು ಸಾಮಾನ್ಯವಾಗಿ 800 ಮೀಟರ್‌ಗಿಂತ ಕೆಳಗೆ ಇಡುತ್ತಾರೆ. ಅಲ್ಲಿನ ಒತ್ತಡಕ್ಕೆ ಅದು ದ್ರವದಂತೆ ದಟ್ಟವಾಗಿ, ಕಡಿಮೆ ಜಾಗದಲ್ಲಿ ಹಿಡಿಯುತ್ತದೆ.

ಆನ್ಯುಲಸ್ ಒತ್ತಡ ತೋರಿಸುವ ಗೇಜಿನ ಮುಳ್ಳು ಏರಿದ ತಕ್ಷಣ ಗಾಬರಿ ಬೇಡ. ತುಂಬುವುದು ಯಾವಾಗ ನಿಂತಿತು ಅಂತ ಮೊದಲು ಕೇಳಿ. ಹೊಸದರಲ್ಲಿ ನಾನೂ ಒಮ್ಮೆ ಸೋರಿಕೆ ಅಂತ ರಾತ್ರಿ ಎರಡಕ್ಕೆ ಸೂಪರ್‌ವೈಸರ್‌ನನ್ನು ಎಬ್ಬಿಸಿ ಬೈಸಿಕೊಂಡಿದ್ದೆ. ಅದು ಆಗತಾನೆ ಶುರುವಾದ ತೈಲಬಾವಿ. ಕೆಳಗಿನಿಂದ ಬಂದ ಬಿಸಿ ಎಣ್ಣೆಗೆ ಆನ್ಯುಲಸ್‌ನಲ್ಲಿದ್ದ ದ್ರವ ಹಿಗ್ಗಿತ್ತು, ಅಷ್ಟೇ. ಗ್ಯಾಸ್ ತುಂಬುವ ಬಾವಿಯಲ್ಲಿ ಇದು ಉಲ್ಟಾ. ತುಂಬುವಾಗ ತಣ್ಣನೆಯ ಗ್ಯಾಸ್ ಇಳಿಯುತ್ತದೆ, ನಿಲ್ಲಿಸಿದರೆ ನೆಲದ ಬಿಸಿಗೆ ಬಾವಿ ಬಿಸಿಯಾಗುತ್ತದೆ, ಆನ್ಯುಲಸ್‌ನ ದ್ರವ ಹಿಗ್ಗಿ ಮುಳ್ಳು ಏರುತ್ತದೆ. ಹಾಗಾಗಿ ಒತ್ತಡ ಬರೆಯುವ ಪುಸ್ತಕದಲ್ಲಿ ಪಕ್ಕದಲ್ಲೇ ಉಷ್ಣತೆಯನ್ನೂ ಬರೆಯಿರಿ. ಬರೀ ಒತ್ತಡ ಬರೆದ ಪುಸ್ತಕ ರದ್ದಿಗೆ ಸಮ.

ಆಮೇಲೂ ಅನುಮಾನ ಇದ್ದರೆ, ಮೇಲಿನವರ ಒಪ್ಪಿಗೆ ಪಡೆದು ಒತ್ತಡ ಇಳಿಸಿ ನೋಡಬೇಕು. ನೀಡಲ್ ವಾಲ್ವ್ ಸ್ವಲ್ಪ ಸ್ವಲ್ಪವೇ ತೆರೆಯಿರಿ. ಏನು ಬಂತು, ನೀರೋ ಗ್ಯಾಸೋ? ಎಷ್ಟು ಲೀಟರ್? ಎಷ್ಟು ನಿಮಿಷ? ಎಲ್ಲ ಬರೆದು, ವಾಲ್ವ್ ಮುಚ್ಚಿ, 24 ಗಂಟೆ ಕಾಯಿರಿ. ಬಾವಿಯ ಬಿಸಿ ಬದಲಾಗದೆ ಮುಳ್ಳು ಇಳಿದಲ್ಲೇ ನಿಂತರೆ ಅದು ಹಿಗ್ಗಿದ್ದು. ಮತ್ತೆ ಹಳೇ ಜಾಗಕ್ಕೇ ಹತ್ತಿದರೆ ಎಲ್ಲೋ ದಾರಿ ಇದೆ. ಬಂದ ಗ್ಯಾಸಿನ ಮಾದರಿ ಹಿಡಿದು ಲ್ಯಾಬಿಗೆ ಕಳಿಸಿ. ಒಂದು ಮಾತು: ಕೆಲವು ಕಡೆ 'ಎ' ಒತ್ತಡವನ್ನು ಟ್ಯೂಬಿಂಗ್‌ಗಿಂತ ಜಾಸ್ತಿಯೇ ಇಟ್ಟಿರುತ್ತಾರೆ. ಅಲ್ಲಿ ತೂತು ಬಿದ್ದರೆ ಮುಳ್ಳು ಏರುವುದಿಲ್ಲ, ಇಳಿಯುತ್ತದೆ. ನಿಮ್ಮ ಬಾವಿ ಯಾವ ಜಾತಿಯದು ಅಂತ ಮೊದಲೇ ತಿಳಿದಿರಲಿ.

ದಾರಿ ಎಲ್ಲಿ ಅಂತ ಹುಡುಕುವುದು ಲಾಗಿಂಗ್ ಕೆಲಸ. ಗೋಡೆಯ ಗಿಲಾವು ಬೆರಳಲ್ಲಿ ತಟ್ಟಿದರೆ ಟೊಳ್ಳು ಗೊತ್ತಾಗುತ್ತದೆ ಅಲ್ವಾ? ಸಿಮೆಂಟ್ ಬಾಂಡ್ ಲಾಗ್ ಅಂದರೆ ಅದೇ. ಸಿಮೆಂಟ್ ಹಿಡಿದ ಪೈಪ್ ಮಂಕಾಗಿ ಸದ್ದು ಮಾಡುತ್ತದೆ, ಬಿಟ್ಟ ಪೈಪ್ ಗಣಗಣ ಅನ್ನುತ್ತದೆ. ಪೈಪು, ಸಿಮೆಂಟ್ ನಡುವೆ ಬರೀ ಕೂದಲೆಳೆಯ ಸಂದು ಇದ್ದರೂ ಈ ಲಾಗ್ ಕೆಟ್ಟ ಸಿಮೆಂಟ್ ಅಂತಲೇ ತೋರಿಸಬಹುದು. ಹಾಗಾಗಿ ಗ್ಯಾಸ್ ತುಂಬುವ ಮೊದಲು ತೆಗೆದ ಲಾಗ್ ಪಕ್ಕದಲ್ಲಿಟ್ಟು ಹೋಲಿಸಿ. ಪೈಪಿನ ಹೊರಗೆ ಗ್ಯಾಸ್ ಹರಿದರೆ ಟೆಂಪರೇಚರ್ ಲಾಗ್‌ನಲ್ಲಿ ಗೆರೆ ಡೊಂಕಾಗುತ್ತದೆ. ಇನ್ನು ಸವೆತ. ಒಣ ಗ್ಯಾಸ್ ಕಬ್ಬಿಣಕ್ಕೆ ಏನೂ ಮಾಡುವುದಿಲ್ಲ. ನೀರು ಸೇರಿದರೆ ಹುಳಿಯಾಗಿ ಕಬ್ಬಿಣ, ಸಿಮೆಂಟ್ ಎರಡನ್ನೂ ತಿನ್ನುತ್ತದೆ. ಪೈಪಿನ ಒಳ ಅಗಲ ಅಳೆಯುವ ಕ್ಯಾಲಿಪರ್ ಇಳಿಸಿದರೆ ಒಳಗಿನ ಗುಳಿ ಗೊತ್ತಾಗುತ್ತದೆ.

ಬಾವಿಯ ತಲೆ ಇರುವ ತಗ್ಗಿಗೆ, ಅಂದರೆ ಸೆಲ್ಲರ್‌ಗೆ, ಸುಮ್ನೆ ಇಳಿಯಬೇಡಿ. ನಮ್ಮ ಕಡೆ ಜೋಳದ ಹಗೇವು ತೆರೆದರೆ ಹಿರಿಯರು ಮೊದಲು ದೀಪ ಇಳಿಸುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಅದೇ ಗ್ಯಾಸ್ ಇದು, ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲಿ ಕೂರುತ್ತದೆ. ಆದರೆ ಇಲ್ಲಿ ದೀಪವೂ ಸಾಲದು, ಆಕ್ಸಿಜನ್ ಮೀಟರೂ ಸಾಲದು. ಈ ಗ್ಯಾಸ್ ಶೇ 4ರಷ್ಟು ತುಂಬಿದರೆ ಜೀವಕ್ಕೇ ಅಪಾಯ, ಆದರೆ ಆಕ್ಸಿಜನ್ 20.9ರಿಂದ ಬರೀ 20ಕ್ಕೆ ಇಳಿದಿರುತ್ತದೆ. 19.5ಕ್ಕೆ ಕೂಗುವ ಮೀಟರ್ ಬಾಯೇ ಬಿಡುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಅಳೆಯುವ ಮೀಟರೇ ಬೇಕು.

ಸುತ್ತಲಿನ ಮಣ್ಣನ್ನೂ ಅಳೆಯುತ್ತಾರೆ. ಅಲ್ಲೊಂದು ಮೋಸ ಇದೆ. ಮಳೆ ಬಿದ್ದರೆ ಬೇರು, ಹುಳುಗಳ ಉಸಿರಿಗೇ ಮಣ್ಣಿನಲ್ಲಿ ಈ ಗ್ಯಾಸ್ ಏರುತ್ತದೆ. ಆದರೆ ಉಸಿರಾಟದಿಂದ ಏರಿದ್ದಾದರೆ ಆಕ್ಸಿಜನ್ ಹೆಚ್ಚುಕಡಿಮೆ ಅಷ್ಟೇ ಇಳಿದಿರುತ್ತದೆ. ಎರಡನ್ನೂ ಕೂಡಿಸಿ ಶೇ 21ರ ಸುತ್ತ ಬಂದರೆ ನಿಮ್ಮ ಬಾವಿಯನ್ನು ಬೈಯಬೇಡಿ. ಅದಕ್ಕಿಂತ ಚೆನ್ನಾಗಿ ಜಾಸ್ತಿ ಬಂದರೆ ಎದ್ದು ಕೂರಿ.

ಸುತ್ತಲಿನ ಹಳೇ ಬಾವಿಗಳ ಪಟ್ಟಿಯೂ ಕೈಯಲ್ಲಿರಲಿ. ಅಲ್ಜೀರಿಯಾದ ಇನ್ ಸಾಲಾದಲ್ಲಿ 2004ರಿಂದ 2011ರವರೆಗೆ ಗ್ಯಾಸ್ ತುಂಬಿದರು. ಅದು ತಲೆ ಎತ್ತಿದ್ದು ತುಂಬುವ ಬಾವಿಯಲ್ಲಲ್ಲ, ದೂರದ ಒಂದು ಹಳೇ ಬಾವಿಯಲ್ಲಿ.

ಹುಡುಗನ ವಿಷಯ ಹೇಳಿಬಿಡುತ್ತೇನೆ. ಅವತ್ತು ಸಂಜೆ ಕಂಪ್ರೆಸರ್ ನಿಂತಿತ್ತಂತೆ. ಬೆಳಿಗ್ಗೆ ಮತ್ತೆ ಶುರುವಾಯಿತು. ಮಧ್ಯಾಹ್ನ ಇನ್ನೊಂದು ಫೋಟೋ ಬಂತು, ಮುಳ್ಳು ಹಳೇ ಜಾಗಕ್ಕೆ ಇಳಿದಿತ್ತು. ಉಷ್ಣತೆ ಬರೆದಿದ್ದೀಯೇನಪ್ಪಾ ಅಂತ ಕೇಳಿದೆ. ಇನ್ನೂ ಉತ್ತರ ಬಂದಿಲ್ಲ.