ಗೊಂಬೆ ನಗಿಸುವುದು ಕತ್ತಿನಿಂದ

ಮಾತಿಲ್ಲದ ಹಾಸ್ಯಕ್ಕೆ ಗೊಂಬೆ ಮಾಡುವಾಗ ನಾನು ಮೊದಲು ಯೋಚಿಸುವುದು ಕತ್ತನ್ನು. ಮೇಜಿನ ಮೇಲೆ ಆಡುವ 65 ಸೆಂ.ಮೀ. ಗೊಂಬೆಯ ಮುಖಭಾವ ಬದಲಾಗುವುದಿಲ್ಲ. ಅದು ಮಡಚುವ ಕುರ್ಚಿಯನ್ನು ನೋಡುತ್ತದೆ, ಜನರತ್ತ ತಿರುಗುತ್ತದೆ, ಮತ್ತೆ ಕುರ್ಚಿಯನ್ನು ನೋಡುತ್ತದೆ. ನಗು ಹುಟ್ಟುವುದು ಅಲ್ಲೇ. ಕತ್ತಿಗೆ ಗಟ್ಟಿ ಕಡ್ಡಿ ಹಾಕಿದರೆ ತಲೆಯ ಜೊತೆ ಹೆಗಲೂ ತಿರುಗಿ ನೋಟವೇ ಕಾಣದು. ಹತ್ತಿಬಟ್ಟೆಯ ಕೊಳವೆ ಹೊಲಿದು ಸ್ಪಂಜು ತುಂಬಿ, ತಲೆಯ ಹಿಂದೆ 10-12 ಸೆಂ.ಮೀ. ಮರದ ಹಿಡಿಯನ್ನು ಓರೆಯಾಗಿ ಕೂರಿಸುತ್ತೇನೆ.

ತಲೆ 150 ಗ್ರಾಂ ದಾಟಬಾರದು. ಥರ್ಮೋಕೋಲ್ ಕೆತ್ತಿ, ಮೇಲೆ ಪೇಪರ್ ಚೂರುಗಳನ್ನು ಮೈದಾ ಅಂಟಿನಲ್ಲಿ ಆರು ಪದರ ಹಚ್ಚಬೇಕು. ಎರಡೆರಡು ಪದರಕ್ಕೊಮ್ಮೆ ಪೂರ್ತಿ ಒಣಗಲು ಬಿಡಿ. ಮಳೆಗಾಲದಲ್ಲಿ ಅವಸರಪಟ್ಟರೆ ಒಳಗೇ ಬೂಷ್ಟು ಹಿಡಿಯುತ್ತದೆ. ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿದರೆ ಹುಳ ಬೀಳುವುದಿಲ್ಲ. ಅದು ವಿಷ, ಕೈ ಚೆನ್ನಾಗಿ ತೊಳೆಯಿರಿ. ಒಣಗಿದ ಮೇಲೆ ಸೀಳಿ ಥರ್ಮೋಕೋಲ್ ತೆಗೆದು ಮತ್ತೆ ಅಂಟಿಸುವುದು. ಕಣ್ಣಿನ ಪಾಪೆಯನ್ನು ಮೂಗಿನ ಕಡೆಗೆ ಕೂದಲೆಳೆಯಷ್ಟು ಸರಿಸಿ ಬರೆಯಿರಿ. ನಟ್ಟನಡುವೆ ಬರೆದ ಕಣ್ಣು ಎಲ್ಲೋ ದೂರಕ್ಕೆ ನೆಟ್ಟಂತಿರುತ್ತದೆ.

ಹಿಮ್ಮಡಿಗೆ ತಲಾ 50 ಗ್ರಾಂ ಕಬ್ಬಿಣದ ನಟ್ಟು. ಇಲ್ಲದಿದ್ದರೆ ಪಾದ ಗಾಳಿಯಲ್ಲಿ ತೇಲುತ್ತದೆ. ಅಂಗೈಯಲ್ಲಿ ಅಯಸ್ಕಾಂತ ಹೊಲಿಯುತ್ತೇವೆ, ಹಿಡಿಯಬೇಕಾದ ವಸ್ತುವಿಗೆ ಮಾತ್ರ ತಗಡಿನ ಪಟ್ಟಿ. ಎರಡೂ ಕಡೆ ಅಯಸ್ಕಾಂತವಿಟ್ಟರೆ ಕೆಲವೊಮ್ಮೆ ಒಂದನ್ನೊಂದು ತಳ್ಳುತ್ತವೆ.

ಜಪಾನಿನ ಬುನ್ರಾಕು ಗೊಂಬೆಯಾಟದಂತೆ ಒಂದು ಗೊಂಬೆಯನ್ನು ಮೂವರು ಆಡಿಸುತ್ತೇವೆ: ತಲೆ ಮತ್ತು ಬಲಗೈ ಒಬ್ಬರಿಗೆ, ಎಡಗೈ ಇನ್ನೊಬ್ಬರಿಗೆ, ಕಾಲು ಮೂರನೆಯವರಿಗೆ. ಎಡಗೈಯವರೇ ಸೊಂಟವನ್ನೂ ಹಿಡಿಯುವುದು ನಾವು ಸೇರಿಸಿಕೊಂಡದ್ದು. ಮೂವರ ಕಣ್ಣೂ ಗೊಂಬೆಯ ತಲೆಯ ಮೇಲಿರಬೇಕು. ಒಬ್ಬರು ಜನರತ್ತ ನೋಡಿದರೂ ಪ್ರೇಕ್ಷಕರು ಗೊಂಬೆಯನ್ನು ಬಿಟ್ಟು ಅವರನ್ನೇ ನೋಡುತ್ತಾರೆ. ನಾಲ್ಕೈದು ನಿಮಿಷಕ್ಕೆ ತೋಳು ಸೋತು ಗೊಂಬೆ ಮಂಡಿ ಬಗ್ಗಿಸಿ ಕುಗ್ಗುತ್ತದೆ. ಹಾಗಾಗಿ ಮೂರು ನಿಮಿಷಕ್ಕೊಮ್ಮೆ ಅದು ಕೂರುವಂತೆ ಆಟ ಕಟ್ಟುತ್ತೇನೆ. ಬೆಳಕು ಎರಡೂ ಪಕ್ಕದಿಂದ, ಮೇಜಿನ ಮಟ್ಟದಲ್ಲೇ ಬರಬೇಕು. ಆಡಿಸುವವರ ಕಪ್ಪು ಅಂಗಿ ಹತ್ತಿಯದೇ ಆಗಲಿ, ಪಾಲಿಸ್ಟರ್ ಹೊಳೆಯುತ್ತದೆ.

ಸಂಗೀತದಲ್ಲೇ ಹೆಚ್ಚು ತಪ್ಪು ನಡೆಯುವುದು. ಡೋಲಕ್ಕಿನ ಪೆಟ್ಟು ಚಲನೆ ಶುರುವಾದಾಗ ಅಲ್ಲ, ನಿಂತಾಗ ಬೀಳಬೇಕು. ಗೊಂಬೆಯ ಕುಂಡೆ ನೆಲಕ್ಕೆ ತಾಗುವ ಮೊದಲೇ ಪೆಟ್ಟು ಬಿದ್ದರೆ ನಗು ಸತ್ತಂತೆ. ಬಾರಿಸುವವರು ಕೈಯನ್ನಲ್ಲ, ತಲೆ ಹಿಡಿದವರ ಉಸಿರನ್ನು ಗಮನಿಸಬೇಕು. ಪ್ರತಿ ಬೀಳುವಿಕೆಗೆ ಮುಂಚೆ ಅವರು ಉಸಿರೆಳೆದುಕೊಳ್ಳುತ್ತಾರೆ. ಪೆಟ್ಟಾದ ಮೇಲೆ ಮೌನ, ನಗು ಇಳಿಮುಖವಾಗುವ ತನಕ. ರೆಕಾರ್ಡಿಂಗ್ ಹೀಗೆ ಕಾಯಲಾರದು, ಅದನ್ನು ನಡಿಗೆಗೆ ಮಾತ್ರ ಬಳಸಿ. ಹೆಜ್ಜೆಯ ಸದ್ದಿಗೆ ನಮ್ಮ ಸೂತ್ರದ ಗೊಂಬೆಯಾಟದವರ ದಾರಿಯೇ ಚೆಂದ: ಆಡಿಸುವವರೇ ಗೆಜ್ಜೆ ಕಟ್ಟಿ ಹೆಜ್ಜೆ ಹಾಕುತ್ತಾರೆ. ನಮ್ಮಲ್ಲಿ ಕಾಲಿನವರು ಮಣಿಕಟ್ಟಿಗೆ ನಾಲ್ಕು ಗೆಜ್ಜೆ ಕಟ್ಟಿಕೊಳ್ಳುತ್ತಾರೆ. ಗೊಂಬೆ ಕಳ್ಳಹೆಜ್ಜೆ ಇಡುವ ದೃಶ್ಯಕ್ಕೆ ಮುಂಚೆ ಅದನ್ನು ಬಿಚ್ಚಿಡಲು ಮರೆಯಬಾರದು.